ಪಾದ್ರಿ ಗೋರಿಯ ಚಕ್ಕುಬಂದಿ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ನನ್ನನ್ನು ನೋಡಲು ಬಂದಿದ್ದರು. ‘ಆ ಕೆಲಸದಲ್ಲಿ ಕಲಿಯೋದೇನಿದೆ ಸಾರ್, ಕೇಳಿದ ಕಟ್ಟು ತೆಗೆದುಕೊಡೋದು, ವಾಪಸ್ಸು ಇಡೋದು, ಅಷ್ಟೇ ತಾನೇ’ ಎಂದು ಅವರಲ್ಲೊಬ್ಬರು ಕೇಳಿದರು. ಅಷ್ಟೇ ಎಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನ್ನ ಉತ್ತರ ಪೂರ್ತಿ ಸರಿಯಲ್ಲ ಅನ್ನಿಸತೊಡಗಿತು. ಅವರಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕಾಣದ್ದನ್ನು ಯಾರು ಹೇಳಿದರು ಎಂಬುದನ್ನೂ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಮೊದಲಲ್ಲಿ, ಪಾವಗಡದಲ್ಲಿ. ಆಮೇಲೆ ಮಧುಗಿರಿ, ಕೊರಟಗೆರೆ, ಸಿರಾ. ನಾಲ್ಕು ಕಡೆಯೂ ರೆಕಾರ್ಡ್ ರೂಮು ಒಂದೇ ಥರ. ಕಚೇರಿಯ ಹಿಂಭಾಗದ ಕೊಠಡಿ, ಒಂದೇ ಕಿಟಕಿ, ಗೋಡೆಗೆ ತಾಗದಂತೆ ನಿಲ್ಲಿಸಿದ ಮರದ ಹಲಗೆಗಳು, ಅವುಗಳ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಊರೂರಿನ ಕಾಗದ. ಬೆಳಿಗ್ಗೆ ಬೀಗ ತೆಗೆದರೆ ಸಂಜೆ ಬೀಗ ಹಾಕುವವರೆಗೆ ಒಂದು ಮಾತೂ ಆಡದ ದಿನಗಳು ಬಹಳ ಇದ್ದವು. ಮದುವೆಯಾದ ಮರುವರ್ಷವೇ ನನ್ನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಎಲ್ಲಿಗೆ ವರ್ಗವಾದರೂ ಬಸ್ ನಿಲ್ದಾಣದ ಹತ್ತಿರ ಒಂದು ರೂಮು ಹಿಡಿಯುತ್ತಿದ್ದೆ. ಅಲ್ಲಾದರೆ ಜನರ ಸದ್ದಾದರೂ ಕೇಳುತ್ತದೆ ಎಂದು.

ಪಾವಗಡದಲ್ಲಿ ಮೊದಲ ದಿನ ಬೀಗದ ಕೈ ಕೊಟ್ಟ ಪ್ಯೂನ್ ಓಬಳೇಶ ಬಾಗಿಲಲ್ಲೇ ನಿಂತ.

‘ಲೋಪಲ ಪಾಮು ಉಂದಿ ಸಾಮೀ, ನಾನು ಬರಾಕಿಲ್ಲ. ನೀವು ಹೋಗಿ. ನೀವು ಹೊಸಬ್ರು, ಅದಕ್ಕೆ ನಿಮ್ಮ ಮ್ಯಾಲೆ ಸಿಟ್ಟಿರಾಕಿಲ್ಲ.’

ಒಳಗೆ ಹಾವಿದೆ ಎಂಬ ಕಾರಣಕ್ಕೆ ಆ ಕೊಠಡಿಯ ಮೂಲೆಯೊಂದರ ಕಟ್ಟುಗಳನ್ನು ಬಹಳ ಕಾಲದಿಂದ ಯಾರೂ ಮುಟ್ಟಿರಲಿಲ್ಲ. ಯಾರು ಯಾವ ಕಾಗದ ಕೇಳಿದರೂ, ಅದು ಹಾವಿನ ಮೂಲೆಯಲ್ಲಿದೆ ಎಂದು ಹೇಳಿ ಕಳಿಸುತ್ತಿದ್ದರಂತೆ. ನಾನು ಕೋಲು ಹಿಡಿದು ಒಳಗೆ ಹೋದೆ. ಸಿಕ್ಕಿದ್ದು ಒಣಗಿದ ಪೊರೆ. ಹೊರಗೆ ತಂದು ತೋರಿಸಿದರೆ ಓಬಳೇಶನಿಗೆ ಸಂತೋಷವಾಗಲಿಲ್ಲ. ಅವನ ಕೆಲಸ ಹೆಚ್ಚಾಯಿತು.

ಮಧುಗಿರಿಯಲ್ಲಿ ನನಗೆ ಕೆಲಸ ಕಲಿಸಿದವರು ಹಿರಿಯ ಗುಮಾಸ್ತರಾದ ಸುಬ್ಬರಾಯರು. ರೆವಿನ್ಯೂ ಕಾಗದದಲ್ಲಿ ಮನುಷ್ಯರ ಹೆಸರಿನ ಅನುಕ್ರಮಣಿಕೆ ಇರುವುದಿಲ್ಲ. ಊರು, ಹೊಲ, ಆ ಹೊಲದ ಚಕ್ಕುಬಂದಿ ಇಷ್ಟೇ ಇರುತ್ತದೆ. ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಎಲ್ಲೆ: ಮೂಡಲಿಗೆ ಯಾರ ಹೊಲ, ಪಡುವಲಿಗೆ ಏನು, ತೆಂಕಲಿಗೆ, ಬಡಗಲಿಗೆ ಏನು ಎಂದು. ‘ಹೆಸರು ಹುಡುಕ್ಬೇಡಯ್ಯ, ಸಿಕ್ಕೋದಿಲ್ಲ. ಪಕ್ಕದ ಹೊಲದೋನ ಕಾಗದ ತೆಗಿ. ಅದರ ಎಲ್ಲೆಯಲ್ಲಿ ನಿಂತಿರ್ತಾನೆ ನಿನ್ನ ಮನುಷ್ಯ’ ಎನ್ನುತ್ತಿದ್ದರು. ಸ್ವಂತ ಕಾಗದವೇ ಇಲ್ಲದವನು, ಗೇಣು ಭೂಮಿ ಇಲ್ಲದವನು ಕೂಡ ಯಾರದೋ ಎಲ್ಲೆಯಾಗಿ ಅಲ್ಲಿರುತ್ತಾನೆ. ಶಾನುಭೋಗರು ಕೂಡಿಸಿ ಬರೆಯುತ್ತಿದ್ದ ಮೋಡಿ ಅಕ್ಷರ ಓದುವುದನ್ನೂ ಅವರೇ ಕಲಿಸಿದರು.

ಕೊರಟಗೆರೆಯ ಶಿರಸ್ತೇದಾರರೊಬ್ಬರ ವಿಷಯ ಹೇಳದೆ ಮುಂದೆ ಹೋಗಲಾರೆ. ಕಂದಾಯದ ಲೆಕ್ಕ ನೋಡುವ ಜಮಾಬಂದಿ ತನಿಖೆಗೆ ಮೇಲಧಿಕಾರಿ ಬರುವವರಿದ್ದರು. ಕಟ್ಟುಗಳು ಒಂದು ಉದ್ದ, ಒಂದು ಗಿಡ್ಡ ಇದ್ದು ನೋಡಲು ಚೆನ್ನಾಗಿಲ್ಲ ಎಂದು ಶಿರಸ್ತೇದಾರರು ಎಲ್ಲವನ್ನೂ ಇಳಿಸಿ ಎತ್ತರದ ಪ್ರಕಾರ ಜೋಡಿಸಿಟ್ಟರು. ಹೋಬಳಿಗಳೆಲ್ಲ ಕಲಸಿಹೋದವು. ಬಂದ ಅಧಿಕಾರಿ ಬಾಗಿಲಲ್ಲೇ ನಿಂತು, ‘ಬಹಳ ನೀಟಾಗಿದೆ’ ಎಂದು ಹೇಳಿ ಹೋದರು. ಆಮೇಲೆ ಕೊಳಾಲದ ರೈತನೊಬ್ಬ ಬಾವಿಯ ತಕರಾರಿಗೆ ನಕಲು ಕೇಳಲು ಬಂದ. ಹುಡುಕುತ್ತಿದ್ದೇವೆ, ಮುಂದಿನ ವಾರ ಬಾ ಎಂದೆವು. ಹಲವು ವಾರ ಹಾಗೆಯೇ ಬಂದು ಹೋದವನು ಕೊನೆಗೊಂದು ದಿನ ಕೈಮುಗಿದು ಹೇಳಿದ: ‘ಸಾಮೀ, ನಮ್ಮೂರು ಉದ್ದವೋ ಗಿಡ್ಡವೋ ಅದೊಂದು ಹೇಳ್ಬುಡಿ, ನಾನೇ ಹುಡೀಕ್ಕಂಡು ಒಯ್ತೀನಿ.’ ಶಿರಸ್ತೇದಾರರು ಅಲ್ಲೇ ಇದ್ದರು. ಮರುದಿನವೇ ಕಟ್ಟುಗಳನ್ನು ಇಳಿಸಲು ಹೇಳಿದರು. ಮತ್ತೆ ಎಲ್ಲವನ್ನೂ ಹಳೆಯ ಹಾಗೆ ಜೋಡಿಸುವ ಹೊತ್ತಿಗೆ ನನಗೆ ಸಿರಾಕ್ಕೆ ವರ್ಗವಾಯಿತು.

ಈಗ ಸಿರಾದ ವಿಷಯ. ನಾನು ಬರೆಯಲು ಕುಳಿತದ್ದು ಇದಕ್ಕಾಗಿಯೇ.

ಅರವತ್ತರ ದಶಕ ಶುರುವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ತಹಶೀಲ್ದಾರರ ಕೋಣೆಯ ಮುಂದೆ ಗುಂಪು ಸೇರಿತ್ತು. ಹೋಗಿ ನೋಡಿದರೆ ಒಳಗೆ ಒಬ್ಬ ದೊರೆಸಾನಿ ನಿಂತಿದ್ದರು. ವಯಸ್ಸು ಅರವತ್ತರ ಆಸುಪಾಸು, ಬಿಳಿಯ ಕೂದಲು, ಹೂವಿನ ಗೌನು, ಕೈಯಲ್ಲಿ ಛತ್ರಿ. ಅವರು ತಹಶೀಲ್ದಾರರಿಗೆ ಹೇಳುತ್ತಿದ್ದುದು ಹೀಗೆ:

‘ಏನಪ್ಪಾ, ನಮ್ ತಾತನ್ನ ನಿನ್ ತಾಲ್ಲೂಕಾಗೆ ಎಲ್ಲೋ ಮಣ್ ಮಾಡವ್ರಂತೆ. ನಾನು ಹಡಗು ಹತ್ತಾಕ್ ಮುಂಚೆ ವಸಿ ತೋರ್ಸ್‌ಬುಡು.’

ತಹಶೀಲ್ದಾರರನ್ನು ಆ ಕಚೇರಿಯಲ್ಲಿ ಯಾರೂ ಹಾಗೆ ಏಕವಚನದಲ್ಲಿ ಕರೆದಿರಲಿಲ್ಲ. ತಹಶೀಲ್ದಾರರೇ ನಕ್ಕುಬಿಟ್ಟರು. ನನ್ನ ಕಡೆ ತಿರುಗಿ, ‘ಇವರ ತಾತನನ್ನು ಹುಡುಕಿಕೊಡ್ರಿ’ ಎಂದರು.

ಅವರ ಹೆಸರು ಮಿಸ್ ಪೆಂಬ್ರಿ. ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾಗಿದ್ದರು. ಅವರನ್ನು ಸಾಕಿದ ಆಯಾ ಕೊರಟಗೆರೆ ಕಡೆಯವಳು. ಅವರಿಗೆ ಬರುತ್ತಿದ್ದ ಕನ್ನಡವೆಲ್ಲ ಆಕೆಯದೇ. ಆಯಾ ಮಗುವಿನ ಹತ್ತಿರ ಆಡಿದ ಮಾತನ್ನು ಅವರು ಎಲ್ಲರ ಹತ್ತಿರವೂ ಆಡುತ್ತಿದ್ದರು. ನನ್ನನ್ನು ಗುಮಾಸ್ತಪ್ಪ ಎಂದು ಕರೆದರು. ಹಾಗೆ ನನ್ನನ್ನು ಇನ್ನಾರೂ ಕರೆದಿಲ್ಲ.

ಅವರ ಮನೆತನ ಆಂಗ್ಲಿಕನ್ ಪಾದ್ರಿಗಳದು. ಮುತ್ತಾತ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಪಾದ್ರಿ. ಅವರಿಗಿಂತ ಹಿಂದಿನವರೂ ಪಾದ್ರಿಗಳೇ. ಅವರ ಗೋರಿಗಳೆಲ್ಲ ಅಲ್ಲಿನ ಚರ್ಚಿನ ಅಂಗಳದಲ್ಲಿ ಸಾಲಾಗಿವೆಯೆಂದು ದೂರದ ಸಂಬಂಧಿಯೊಬ್ಬಳು ಬರೆದಿದ್ದಳು. ಇಂಡಿಯಾಕ್ಕೆ ಬಂದವರು ತಾತ. ದಂಡಿನ ಚರ್ಚಿನಿಂದ ಹೊರಟು, ಊರೂರಿನಲ್ಲಿ ಒಬ್ಬೊಬ್ಬರೇ ಇದ್ದ ತಮ್ಮ ಪಂಗಡದವರಿಗೆ ಪ್ರಾರ್ಥನೆ ನಡೆಸಿಕೊಡಲು ಹೋಗಿದ್ದಾಗ ಸಿರಾ ಹತ್ತಿರ ದಾರಿಯಲ್ಲಿ ತೀರಿಕೊಂಡರು. ಮನೆಯವರಿಗೆ ತಿಳಿದದ್ದು ಇಷ್ಟೇ. ಆಗ ಮಿಸ್ ಪೆಂಬ್ರಿಯ ತಂದೆ ತೊಟ್ಟಿಲಲ್ಲಿದ್ದರು.

ದಂಡಿನ ಚರ್ಚಿನ ಹೂಳುವಿಕೆಯ ಪುಸ್ತಕಗಳನ್ನೆಲ್ಲ ಅವರು ನೋಡಿದ್ದರು. ತಾತನ ಹೆಸರಿರಲಿಲ್ಲ. ಅದಕ್ಕೆ ಕಾರಣವನ್ನು ಅವರೇ ಹೇಳಿದರು. ಆ ಪುಸ್ತಕವನ್ನು ಬರೆಯಬೇಕಾದವರು ಪಾದ್ರಿ. ಇಲ್ಲಿ ಸತ್ತವರೇ ಪಾದ್ರಿ. ಬರೆಯುವವರು ಯಾರೂ ಉಳಿದಿರಲಿಲ್ಲ.

‘ಇಲ್ಲಿ ನನಗೆ ಯಾರೂ ಇಲ್ಲ ಗುಮಾಸ್ತಪ್ಪಾ. ಆ ಸಂಬಂಧಿ ಮುದುಕಿ ಬಾ ಅಂದವಳೆ. ಬೊಂಬಾಯಿಂದ ಹಡಗು. ಓಗ್ಬುಟ್ರೆ ತಿರುಗಿ ಬರಾಕಿಲ್ಲ. ಅಪ್ಪ ಅಮ್ಮನ ಗೋರಿಗೆ ಹೇಳ್ಬುಟ್ಟು ಬಂದಿವ್ನಿ. ತಾತನ್ಗೆ ಎಲ್ ನಿಂತ್ಕಂಡು ಹೇಳ್ಲಿ?’

ಹಡಗಿಗೆ ಮೂರು ತಿಂಗಳಿತ್ತು.

ಚರ್ಚು, ಕ್ರಿಸ್ತರ ಸ್ಮಶಾನ, ದೊರೆಗಳ ಬಂಗಲೆ ಎಂಬ ಕಡೆ ಹುಡುಕಿ ಪ್ರಯೋಜನವಿರಲಿಲ್ಲ. ಅವರು ಸತ್ತದ್ದು ದಾರಿಯಲ್ಲಿ. ನಾನು ಸುಬ್ಬರಾಯರು ಹೇಳಿದಂತೆ ಮಾಡಿದೆ. ಸಿರಾದಿಂದ ಹೊರಡುವ ಹಳೆಯ ಗಾಡಿದಾರಿಗಳ ಪಕ್ಕದ ಊರುಗಳ ಕಟ್ಟುಗಳನ್ನು ಒಂದೊಂದಾಗಿ ಇಳಿಸಿ, ಬೇರೇನನ್ನೂ ಓದದೆ ಚಕ್ಕುಬಂದಿಯನ್ನಷ್ಟೇ ಓದುತ್ತ ಹೋದೆ. ಕಚೇರಿಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ.

ಮಿಸ್ ಪೆಂಬ್ರಿ ಪ್ರತಿ ಶನಿವಾರ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೊರಗಿನವರು ಕೊಠಡಿಯೊಳಗೆ ಬರುವಂತಿರಲಿಲ್ಲ. ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕಿಟಕಿಯ ಮೂಲಕ ಮಾತಾಡುತ್ತಿದ್ದರು. ತಂದ ಬ್ರೆಡ್ಡಿನಲ್ಲಿ ಅರ್ಧ ನನಗೆ ಕೊಡುತ್ತಿದ್ದರು, ನಾನು ಬೇಯಿಸಿದ ಕಡಲೆಕಾಯಿ ತರಿಸುತ್ತಿದ್ದೆ. ಶುಕ್ರವಾರ ಸಂಜೆ ಬೀಗ ಹಾಕುವ ಮುಂಚೆ ಆ ಕುರ್ಚಿಯನ್ನು ಒರೆಸಿಡುವುದು ನನಗೆ ರೂಢಿಯಾಯಿತು.

ಮೊದಲು ಸಿಕ್ಕಿದ್ದು ‘ತೆಂಕಲಿಗೆ ದೊರೆ ಗೋರಿ’ ಎಂಬ ಎಲ್ಲೆ. ಊರು ಪಟ್ಟನಾಯಕನಹಳ್ಳಿಯಿಂದ ಸ್ವಲ್ಪ ಆಚೆ. ಮಿಸ್ ಪೆಂಬ್ರಿ ಹೂವು ತಂದಿದ್ದರು. ಪ್ಯೂನ್ ಈರಣ್ಣನನ್ನು ಕರೆದುಕೊಂಡು ಮೂವರೂ ಹೋದೆವು. ಗೋರಿ ಇತ್ತು, ಆದರೆ ಬಹಳ ಉದ್ದವಾಗಿತ್ತು. ಮಿಸ್ ಪೆಂಬ್ರಿ ಹೂವಿಟ್ಟು, ಮಂಡಿಯೂರಿ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ದನ ಮೇಯಿಸುತ್ತಿದ್ದ ಮುದುಕನೊಬ್ಬ ಅವರು ಏಳುವವರೆಗೂ ಸುಮ್ಮನೆ ನಿಂತಿದ್ದ.

‘ಅದು ದೊರೆ ಕುದುರೆ ಗೋರಿ ಕಣಮ್ಮ’ ಎಂದ. ‘ದೊರೆಗೆ ಏನೂ ಆಗ್ಲಿಲ್ಲ. ಬೇರೆ ಕುದುರೆ ತಕ್ಕಂಡು ಹೊಂಟೋದ.’

ಈರಣ್ಣ ತಲೆ ತಗ್ಗಿಸಿಕೊಂಡ. ಮಿಸ್ ಪೆಂಬ್ರಿ ನನ್ನ ಮುಖ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ‘ಹೂವು ಅಲ್ಲೇ ಇರ್ಲಿ ಬುಡು. ಕುದುರೇನೂ ದೂರದಿಂದ ಬಂದದ್ದೇ’ ಎಂದರು.

ಪಾದ್ರಿಯ ಗೋರಿ ಸಿಕ್ಕಿದ್ದು ಹಡಗಿಗೆ ಕೆಲವೇ ದಿನ ಉಳಿದಿದ್ದಾಗ. ಬರಗೂರಿನ ದಾರಿಯ ಒಂದು ಹಳ್ಳಿಯ ಹದ್ದಿನ ತಕರಾರಿನ ಕಾಗದ. ಅದು ಇಬ್ಬರು ಅಣ್ಣತಮ್ಮಂದಿರ ಮಳೆ ನಂಬಿದ ಖುಷ್ಕಿ ಹೊಲದ್ದು. ಮೂಡಲಿಗೂ ಬಡಗಲಿಗೂ ತೆಂಕಲಿಗೂ ರೈತರ ಹೆಸರು. ‘ಪಡುವಲಿಗೆ ಪಾದ್ರಿ ಗೋರಿ.’ ಅದನ್ನು ಬೆರಳಿಟ್ಟು ಇನ್ನೊಮ್ಮೆ ಓದಿದೆ. ಆಮೇಲೆ ಈರಣ್ಣನನ್ನು ಕರೆದು ಹೊಲ ಎಲ್ಲಿದೆ ಗೊತ್ತೇ ಎಂದು ಕೇಳಿದೆ. ಅವನು ಬರಗೂರಿನ ಕಡೆಯವನು.

‘ಅಯ್ಯೋ ಅದಾ ಸಾರ್? ಅದರ ಪಡುವಲಿಗಿರೋದೇ ಕಲಾಯಿ ಸಾಬ್ರ ಹೊಲ. ಅಲ್ಲೊಂದು ಗೋರಿ ಐತೆ. ಅವ್ರ ಹಿರೀಕರದ್ದೇ ಇರ್ಬೇಕು ಅಂತಿದ್ವಿ. ವರ್ಷ ವರ್ಷ ದೀಪ ಮಡಗ್ತಾರೆ.’

ಆ ಶನಿವಾರ ಮಿಸ್ ಪೆಂಬ್ರಿಯೂ ನಾನೂ ಬರಗೂರಿನ ಬಸ್ಸು ಹತ್ತಿ ದಾರಿಯಲ್ಲಿ ಇಳಿದು, ಹೊಲಗಳ ಮಧ್ಯೆ ನಡೆದು ಹೋದೆವು. ಹುಣಸೆಮರದ ಪಕ್ಕದಲ್ಲಿ ಒಂದು ಮನೆ. ಮುಂದೆ ತಿದಿ, ಇದ್ದಿಲು, ಕಲಾಯಿ ಹಾಕಿ ಬೋರಲು ಹಾಕಿದ ತಪ್ಪಲೆಗಳು. ಮನೆಯ ಯಜಮಾನ ಮಹಬೂಬ, ಪಾತ್ರೆಗಳಿಗೆ ಕಲಾಯಿ ಹಾಕುತ್ತ ಊರೂರು ತಿರುಗುವವನು, ಅಂದು ಮನೆಯಲ್ಲಿದ್ದ. ಮರದಾಚೆ ಸುಣ್ಣ ಬಳಿದ ಗೋರಿ. ಬರಹ ಏನೂ ಇಲ್ಲ. ಅದರ ತಲೆಯ ಕಡೆ ದೀಪದ ಹೊಗೆಗೆ ಕಪ್ಪಾದ ಒಂದು ಗೂಡು.

ಮಹಬೂಬನ ತಾಯಿ ಹಲೀಮಾಬಿ ಹೊರಗೆ ಬಂದಳು. ಬಹಳ ವಯಸ್ಸಾದವಳು. ಮಿಸ್ ಪೆಂಬ್ರಿಯನ್ನು ನೋಡಿ ಯಾರೆಂದು ಕೇಳಿದಳು.

‘ಅಲ್ಲಿ ಮಲಗವ್ರಲ್ಲ, ಅವ್ರ ಮಗನ ಮಗಳು ಕಣವ್ವ’ ಎಂದರು ಮಿಸ್ ಪೆಂಬ್ರಿ.

ಮುದುಕಿ ಹತ್ತಿರ ಬಂದು ಅವರ ಗಲ್ಲ ಹಿಡಿದು ನೋಡಿದಳು.

‘ಬಂದ್ಬುಟ್ಯಾ’ ಎಂದಳು. ‘ಎಷ್ಟು ತಡ ಮಾಡ್ದೆ.’

ಆಮೇಲೆ ಅವಳು ಹೇಳಿದ್ದನ್ನು, ಅವಳಿಗೆ ಅವಳ ಅತ್ತೆ ಹೇಳಿದ್ದನ್ನು, ನಾನು ಕೇಳಿಸಿಕೊಂಡಂತೆ ಬರೆಯುತ್ತೇನೆ. ಪಾದ್ರಿ ಪಾವಗಡದ ಕಡೆ ಗಾಡಿಯಲ್ಲಿ ಹೋಗುತ್ತಿದ್ದ. ವಾಂತಿ ಭೇದಿ ಶುರುವಾಯಿತು. ಗಾಡಿಯವನು ಹೆದರಿ ಎತ್ತು ಬಿಚ್ಚಿಕೊಂಡು ಓಡಿಹೋದ. ಊರಿನವರು ಯಾರೂ ಹತ್ತಿರ ಬರಲಿಲ್ಲ. ಈ ಮನೆಯವರು ಮರದ ಕೆಳಗೆ ಮಲಗಿಸಿ ಗಂಜಿ ಕೊಟ್ಟರು. ಉಳಿಯಲಿಲ್ಲ. ‘ನಮಗೆ ಗೊತ್ತಿದ್ದಂಗೆ ಮಣ್ ಮಾಡುದ್ರಂತೆ. ಅವ್ರ ದುವಾ ನಮಗೆಲ್ಲಿ ಬತ್ತದೆ? ಅವರೋರು ಬತ್ತಾರೆ, ಬರೋಗಂಟ ನೋಡ್ಕಳಿ ಅಂದ್ರಂತೆ ಆಗಿನ ಹಿರೀಕರು.’

ಶಬೇ ಬರಾತ್ ದಿನ ಆ ಮನೆಯವರು ತಮ್ಮ ಸತ್ತವರ ಗೋರಿಗೆ ದೀಪ ಹಚ್ಚಿದಾಗ ಇಲ್ಲಿಗೂ ಒಂದು ಹಚ್ಚುತ್ತಿದ್ದರು. ಮೂರು ತಲೆಮಾರಿನಿಂದ. ಅವನು ಪವಾಡ ಮಾಡಿದವನೆಂದಲ್ಲ, ದೊಡ್ಡವನೆಂದೂ ಅಲ್ಲ. ಹಚ್ಚಬೇಕಾದ ಅವನ ಕಡೆಯವರು ಇನ್ನೂ ಬಂದಿರಲಿಲ್ಲ, ಅಷ್ಟೇ.

ಹಲೀಮಾಬಿ ಒಳಗಿನಿಂದ ಬಟ್ಟೆ ಸುತ್ತಿದ ಒಂದು ಸಣ್ಣ ಬೆಳ್ಳಿ ಬಟ್ಟಲು ತಂದಳು. ಪಾದ್ರಿಗಳು ದಾರಿಯಲ್ಲಿ ಪ್ರಾರ್ಥನೆಗೆ ಬಳಸುವ, ಕಾಲಿರುವ ಬಟ್ಟಲು. ಆ ಮನೆಯವರು ಅದನ್ನು ಬಳಸಿರಲಿಲ್ಲ, ಉಜ್ಜಿ ಹೊಳೆಯುವಂತೆ ಇಟ್ಟಿದ್ದರು. ಮಿಸ್ ಪೆಂಬ್ರಿ ಅದನ್ನು ತಿರುಗಿಸಿ ತಳದಲ್ಲಿ ಕೊರೆದ ಅಕ್ಷರ ನೋಡಿದರು. ಮುತ್ತಾತನ ಹೆಸರು, ಅದರ ಕೆಳಗೆ ತಾತನ ಹೆಸರು. ತಂದೆ ಮಗನಿಗೆ ಕೊಟ್ಟದ್ದು. ಅವರು ಬಹಳ ಹೊತ್ತು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ಇದ್ದರು. ನಾನು ಹುಣಸೆಮರದ ಕಡೆ ನೋಡುತ್ತ ನಿಂತೆ.

‘ತಕ್ಕಂಡೋಗವ್ವ. ದೀಪಾನೂ ಇನ್ನು ನಿಂದೇ’ ಎಂದಳು ಹಲೀಮಾಬಿ.

ಮಿಸ್ ಪೆಂಬ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾನು ಹಡಗು ಹತ್ತುವವಳು, ದೀಪ ನೀವೇ ಹಚ್ಚಬೇಕು ಎಂದು ಕೇಳಿಕೊಂಡರು.

‘ಅದೆಂಗಾಯ್ತದೆ? ಇದು ಅಮಾನತ್ತು ಕಣವ್ವ, ನಂಬಿ ಬಿಟ್ಟೋಗಿದ್ದು. ಒಡೇರು ಬರೋಗಂಟ ಕಾಯೋದು ನಮ್ ಕೆಲ್ಸ. ಬಂದ್ ಮ್ಯಾಲೂ ನಾವೇ ಮಡಿಕ್ಕಂಡ್ರೆ ಕಳ್ತನ ಆಯ್ತದೆ.’

‘ಹೋಗ್ಲಿ ಬುಡಮ್ಮಾ, ಒಂದು ದೀಪ ತಾನೇ, ಹಚ್ಚಾನ’ ಎಂದ ಮಹಬೂಬ.

‘ಸುಮ್ಕಿರ್ಲಾ. ತಪ್ಪಲೆಗೆ ಕಲಾಯಿ ಹಾಕ್ಸಾಕೆ ಕೊಟ್ಟೋರು ಬಂದು ಕೇಳುದ್ರೆ ಇಲ್ಲ, ನಾನೇ ಮಡಿಕ್ಕಂತೀನಿ ಅಂತೀಯೇನ್ಲಾ?’

ಮಹಬೂಬ ತಿದಿಯ ಕಡೆ ತಿರುಗಿದ. ಮಿಸ್ ಪೆಂಬ್ರಿ ಗೋರಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಛತ್ರಿ ಕೈಜಾರಿ ಬಿತ್ತು. ನನಗೆ ಮಾತ್ರ ಕೇಳುವಂತೆ, ‘ಹುಡುಕ್ದೇ ಇದ್ದಿದ್ರೇ ಚೆನ್ನಾಗಿತ್ತು ಗುಮಾಸ್ತಪ್ಪಾ’ ಎಂದರು. ‘ನಾನು ಬಂದು ಇವ್ರ ದೀಪ ಆರಿಸ್ಬುಟ್ಟೆ.’

ನಾನು ಬಿದ್ದ ಛತ್ರಿಯನ್ನು ಎತ್ತಿಕೊಂಡೆ. ಯಾರಾದರೂ ಕಾಗದ ಕೇಳುತ್ತಾರೆ, ನಾವು ಹುಡುಕಿ ಕೊಡುತ್ತೇವೆ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಸಿಕ್ಕಿದ ಮೇಲೆ ಏನಾಗುತ್ತದೆಂದು ನಿಂತು ನೋಡಿದ್ದು ಅದೇ ಮೊದಲು.

ನನಗೆ ಹೊಳೆದದ್ದು ಗುಮಾಸ್ತನಿಗೆ ಹೊಳೆಯುವ ಪ್ರಶ್ನೆ. ‘ಅಜ್ಜೀ, ಒಡೆಯರೇ ಮತ್ತೆ ನಿಮ್ಮ ವಶಕ್ಕೆ ಒಪ್ಪಿಸಿದರೆ?’ ಎಂದು ಕೇಳಿದೆ.

ಹಲೀಮಾಬಿ ಯೋಚಿಸಿದಳು. ‘ಒಪ್ಸುದ್ರೆ ಮಡಿಕ್ಕಂತೀವಿ. ಬರೀ ಬಾಯ್ಮಾತಲ್ಲಿ ಆಗಾಕಿಲ್ಲ. ಕೈಗೆ ವಸ್ತು ಕೊಡ್ಬೇಕು. ಸಾಕ್ಷಿ ಬೇಕು. ಎಲ್ಲೀಗಂಟ ಅಂತ ಹೇಳ್ಬೇಕು.’

ಮಿಸ್ ಪೆಂಬ್ರಿ ಬಟ್ಟಲು ನೋಡಿದರು. ಅವರ ಮನೆತನದ್ದೆಂದು ಅವರ ಕೈಗೆ ಬಂದದ್ದು ಅದೊಂದೇ, ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಅದನ್ನು ಗೌನಿನ ಅಂಚಿನಲ್ಲಿ ಒರೆಸಿದರು. ಎದ್ದು ಮುದುಕಿಯ ಕೈಗೆ ಕೊಟ್ಟರು.

‘ಎಲ್ಲೀಗಂಟ?’ ಎಂದಳು ಹಲೀಮಾಬಿ.

ಮಿಸ್ ಪೆಂಬ್ರಿ ಗೋರಿಯ ಕಡೆ ನೋಡಿದರು.

‘ನಮ್ಮೋರು ಬರೋಗಂಟ ಅನ್ನಿ ತಾಯೀ’ ಎಂದು ಮಹಬೂಬ ಮೆಲ್ಲಗೆ ಹೇಳಿಕೊಟ್ಟ.

‘ನಮ್ಮೋರು ಅಂದ್ರೆ ನಾನೊಬ್ಳೇ ಕಣಪ್ಪ’ ಎಂದರು ಮಿಸ್ ಪೆಂಬ್ರಿ. ಮತ್ತೆ ಮುದುಕಿಯ ಕೈಲಿದ್ದ ಬಟ್ಟಲನ್ನು ಮುಟ್ಟಿ, ‘ನಾನು ಬರೋಗಂಟ’ ಎಂದರು.

ಹಲೀಮಾಬಿ ನನ್ನ ಕಡೆ ತಿರುಗಿದಳು. ‘ಕೇಳಿಸ್ಕಂಡ್ರಾ ಸಾಹೇಬ್ರೇ?’

‘ಕೇಳಿಸಿಕೊಂಡೆ’ ಎಂದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಛತ್ರಿಗೆ ಹತ್ತಿದ ಮಣ್ಣು ಒರೆಸುತ್ತಿದ್ದರು. ಸಿರಾದಲ್ಲಿ ಇಳಿದು ಬೆಂಗಳೂರಿನ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆ ಮುಟ್ಟಿದರು, ಆಯಾ ಅವರಿಗೆ ಮಾಡುತ್ತಿದ್ದಂತೆಯೋ ಏನೋ. ಬಸ್ಸು ಹೊರಟಿತು. ಮುಂದಿನ ಶುಕ್ರವಾರ ಸಂಜೆ ಬೀಗ ಹಾಕುವ ಮುಂಚೆ ಕುರ್ಚಿ ಒರೆಸಿದೆ. ಒರೆಸಿದ ಮೇಲೆ ನೆನಪಾಯಿತು.

ಎರಡು ಕ್ರಿಸ್ಮಸ್ಸಿಗೆ ಅವರಿಂದ ಕಾರ್ಡು ಬಂತು. ಆಮೇಲೆ ಬರಲಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ಕಚೇರಿಯ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅವರು ಪಾಠ ಮಾಡುತ್ತಿದ್ದ ಶಾಲೆಯನ್ನು ಹುಡುಕಿಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿ ಕೂರಿಸಿ ನೀರು ಕೊಟ್ಟರು. ಮಿಸ್ ಪೆಂಬ್ರಿಗೆ ಇಂಗ್ಲೆಂಡಿನ ಚಳಿ ಒಗ್ಗಲಿಲ್ಲವಂತೆ. ಎರಡನೆಯ ಕಾರ್ಡು ಬರೆದ ಕೆಲವೇ ದಿನಗಳಲ್ಲಿ ತೀರಿಕೊಂಡರಂತೆ. ಮುತ್ತಾತನ ಚರ್ಚಿನ ಅಂಗಳದ ಸಾಲಿನಲ್ಲೇ ಮಣ್ಣು ಮಾಡಿದರಂತೆ.

ಸಾಕ್ಷಿಯಾದವನು ಆಗಾಗ ಹೋಗಿ ನೋಡಬೇಕು ಎಂದು ನಾನು ಪ್ರತಿ ವರ್ಷ ಶಬೇ ಬರಾತ್ ದಿನ ಅಲ್ಲಿಗೆ ಹೋಗುತ್ತಿದ್ದೆ. ಆ ವರ್ಷವೂ ಹೋದೆ. ದಾರಿಯುದ್ದಕ್ಕೂ ಯೋಚಿಸಿದೆ. ಕೋರ್ಟಿನಲ್ಲಿ ಕಾಗದ ಹಾಜರುಪಡಿಸಲು ಎಷ್ಟೋ ಸಲ ಕಟಕಟೆ ಹತ್ತಿದ್ದೇನೆ. ಕೇಳಿದ ಪ್ರಶ್ನೆಗೆ ನಿಜ ಹೇಳಬೇಕು, ಕೇಳದ್ದನ್ನು ಹೇಳಬಾರದು ಎಂಬುದು ನಮಗೆ ಕಲಿಸಿದ ಪಾಠ. ಒಡೆಯಳು ಇಲ್ಲವೆಂದು ಹೇಳಿದರೆ ಆ ಅಮಾನತ್ತು ಯಾರದಾಗುತ್ತದೆ, ದೀಪ ಯಾರದಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಹಲೀಮಾಬಿ ಬಾಗಿಲಲ್ಲಿ ಕುಳಿತಿದ್ದಳು. ಕಣ್ಣು ಕಾಣುತ್ತಿರಲಿಲ್ಲ. ಹೆಜ್ಜೆ ಸದ್ದಿಗೇ ಗುರುತು ಹಿಡಿದಳು. ಮಿಸ್ ಪೆಂಬ್ರಿ ಬದುಕಿದ್ದಾರೆಯೇ ಎಂದು ಅವಳು ಕೇಳಲಿಲ್ಲ.

ಅವಳು ಹೋಗಿ ಬಹಳ ಕಾಲವಾಯಿತು. ಮಹಬೂಬನೂ ಹೋದ. ತಪ್ಪಲೆಗೆ ಕಲಾಯಿ ಹಾಕಿಸುವವರು ಈಗ ಯಾರೂ ಇಲ್ಲ. ತಿದಿ ಇದ್ದ ಜಾಗದಲ್ಲಿ ಅವನ ಮಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾನು ನಿವೃತ್ತನಾಗಿ ಮಧುಗಿರಿಯಲ್ಲಿ, ಬಸ್ ನಿಲ್ದಾಣದ ಹತ್ತಿರವೇ ಒಂದು ರೂಮಿನಲ್ಲಿದ್ದೇನೆ. ಮೊಣಕಾಲು ನೋವು. ಆದರೂ ವರ್ಷಕ್ಕೊಮ್ಮೆ ಸಿರಾದ ಬಸ್ಸು ಹತ್ತುತ್ತೇನೆ.

ಈ ವರ್ಷವೂ ಹೋಗಿದ್ದೆ. ಸಂಜೆಯಾಗುತ್ತಿತ್ತು. ಮಹಬೂಬನ ಸೊಸೆ ಬಟ್ಟಲನ್ನು ಬಟ್ಟೆಯಿಂದ ಬಿಚ್ಚಿ ಉಜ್ಜುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, ಅವಳ ಅತ್ತೆಯೂ ಅದಕ್ಕೆ ಮುಂಚೆ ಹಲೀಮಾಬಿಯೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು.

‘ಅವ್ರು ಬಂದ್ರಾ ಸಾಹೇಬ್ರೇ?’

‘ಇನ್ನೂ ಬಂದಿಲ್ಲ ಕಣಮ್ಮ.’

ಆಗಲಿ ಎಂಬಂತೆ ತಲೆಯಾಡಿಸಿ, ಬಟ್ಟಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು. ಎಣ್ಣೆಯ ಗಿಂಡಿ ತೆಗೆದುಕೊಂಡು ಹುಣಸೆಮರದ ಕಡೆ ನಡೆದಳು.